ಮತ್ಸ್ಯ ಕೂರ್ಮನ ಅಪ್ಪನಲ್ಲ

ಆ ಉತ್ತರಪತ್ರಿಕೆ ಇನ್ನೂ ನನ್ನ ಬೀರುವಿನಲ್ಲಿದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ಕಿರುಪರೀಕ್ಷೆ, ಐದು ಅಂಕದ ಪ್ರಶ್ನೆ: ವಿಕಾಸಕ್ಕೆ ಇರುವ ಆಧಾರಗಳನ್ನು ವಿವರಿಸಿ. ಹುಡುಗ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಮೊದಲು ಮೀನು ಇತ್ತು. ಮೀನು ಆಮೆಯಾಯಿತು. ಆಮೆ ಹಂದಿಯಾಯಿತು. ಹಂದಿ ಅರ್ಧ ಸಿಂಹ ಅರ್ಧ ಮನುಷ್ಯ ಆಯಿತು. ಆಮೇಲೆ ಕುಳ್ಳ ಮನುಷ್ಯ, ಕೊನೆಗೆ ಪೂರ್ತಿ ಮನುಷ್ಯ. ಇದನ್ನು ಡಾರ್ವಿನ್ ಹೇಳಿದ."

ಕೆಂಪು ಪೆನ್ನು ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತೆ. ಸೊನ್ನೆ ಹಾಕೋದು ಸುಲಭ. ಆದರೆ ಅವನಿಗೆ ಹಾಗೆ ಹೇಳಿಕೊಟ್ಟವಳು ನಾನೇ.

ಹಾಸನ ಜಿಲ್ಲೆಯ ಒಂದು ಹೋಬಳಿಯ ಪಿಯು ಕಾಲೇಜಿಗೆ ಆಗಷ್ಟೇ ಸೇರಿದ್ದೆ. ವಿಕಾಸದ ಅಧ್ಯಾಯ ಬಂದಾಗ ಹಿರಿಯ ಉಪನ್ಯಾಸಕರೊಬ್ಬರು ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಹೇಳಿದ್ದರು, "ಅದನ್ನ ಮನೇಲಿ ಓದ್ಕೊಳ್ಳಿ ಅಂತ ಹೇಳಿ ಮುಂದಕ್ಕೆ ಹೋಗಿ ಮೇಡಂ. ಸುಮ್ನೆ ಯಾಕೆ ರಗಳೆ." ನನಗೆ ರಗಳೆಯೂ ಬೇಡವಾಗಿತ್ತು, ಪಾಠ ಬಿಡುವುದೂ ಬೇಡವಾಗಿತ್ತು. ನಡುವಿನ ದಾರಿ ಅಂತ ದಶಾವತಾರದಿಂದ ಶುರುಮಾಡಿದೆ. ಮೀನು ನೀರಲ್ಲಿ, ಆಮೆ ನೀರು ನೆಲ ಎರಡರಲ್ಲೂ, ಹಂದಿ ನೆಲದ ಮೇಲೆ, ನೋಡಿ ನಮ್ಮ ಹಿರಿಯರು ಎಂದೋ ಹೇಳಿಬಿಟ್ಟಿದ್ದರು! ತೂಕಡಿಸುತ್ತಿದ್ದ ಹಿಂದಿನ ಬೆಂಚು ಎದ್ದು ಕೂತಿತು. ಆವತ್ತು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಥಿಯಾಸಫಿ ಎಂಬ ಆಧ್ಯಾತ್ಮ ಚಳವಳಿಯ ಬ್ಲಾವಟ್ಸ್ಕಿ 1877ರಲ್ಲೇ ಈ ಹೋಲಿಕೆ ಮಾಡಿದ್ದರು, ಬಂಗಾಳದ ಕೇಶವಚಂದ್ರ ಸೇನರು 1882ರಲ್ಲಿ. ಭಾರತದಲ್ಲೇ ನೆಲೆಸಿ ಇಲ್ಲೇ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಅವತಾರಗಳ ಸಾಲು ಬೆನ್ನುಮೂಳೆ ಪ್ರಾಣಿಗಳ ವಿಕಾಸವನ್ನು ನೆನಪಿಸುತ್ತದೆ ಎಂದಿದ್ದರಂತೆ. ಅವರದು ನೆನಪಿಸುವ ಮಾತು ಅಷ್ಟೇ. 2019ರ ಹೊತ್ತಿಗೆ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿಗಳು ಎದ್ದು ದಶಾವತಾರ ಡಾರ್ವಿನ್ನನ ಸಿದ್ಧಾಂತಕ್ಕಿಂತ ಮೇಲು ಅಂದರು. ನೆನಪಿಸುವುದರಿಂದ ಮೀರಿಸುವವರೆಗೆ ಬಂದಿದ್ದೇವೆ.

ಆ ಕ್ಲಾಸಿನಲ್ಲಿ ನಗದೆ ಕೂತಿದ್ದವಳು ಒಬ್ಬಳೇ. ಬೆಲ್ ಹೊಡೆದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ಬಂದಳು. ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು: "ಮಿಸ್, ನಿಮ್ಮ ಕಥೇಲಿರೋದು ಸೈನ್ಸ್ ಆಗುತ್ತೆ. ನಮ್ಮಲ್ಲಿ ಅಲ್ಲಾಹ್ ಆದಮ್‌ನ ಮಣ್ಣಿಂದ ಮಾಡ್ದ ಅಂತ ಇದೆ. ಹಾಗಾದ್ರೆ ನಾವು ಮಾತ್ರ ತಪ್ಪಾ?"

ನನಗೆ ಉತ್ತರ ಹೊಳೆಯಲಿಲ್ಲ. "ಹಾಗಲ್ಲಮ್ಮ, ನಾಳೆ ಮಾತಾಡೋಣ" ಅಂದೆ. ನಾಳೆ ಮಾತಾಡಲಿಲ್ಲ. ಇದು ಮೊದಲನೇ ಏಟು.

ಎರಡನೆಯದು ನಾನು ನಿರೀಕ್ಷಿಸದ ಕಡೆಯಿಂದ ಬಂತು. ಆಮೆ-ಹಂದಿ ಬರೆದ ಹುಡುಗನ ತಾತ ಊರಿನ ಚೆನ್ನಕೇಶವ ದೇವಸ್ಥಾನದ ಅರ್ಚಕರು. ಪೋಷಕರ ಸಭೆಗೆ ಮಗ ಸೊಸೆಯ ಬದಲು ಅವರೇ ಬಂದಿದ್ದರು. ಅಂಕಪಟ್ಟಿಗೆ ಸಹಿ ಹಾಕಿ ಕನ್ನಡಕ ತೆಗೆದಿಟ್ಟು, "ತಾಯಿ, ಒಂದು ಮಾತು" ಅಂದರು. ದೇವರನ್ನು ಪಾಠಕ್ಕೆ ತಂದದ್ದಕ್ಕೆ ಹೊಗಳುತ್ತಾರೆ ಅಂದುಕೊಂಡೆ.

"ಅವತಾರ ಅಂದ್ರೆ ಇಳಿದು ಬರೋದು. ಪ್ರತಿಸಲ ಇಳಿಯೋನು ಒಬ್ಬನೇ. ಮತ್ಸ್ಯ ಏನು ಕೂರ್ಮನ ಅಪ್ಪನಾ? ಕೂರ್ಮನ ಮಗ ವರಾಹನಾ? ಯಾವ ಪುರಾಣದಲ್ಲಿದೆ ಹೇಳಿ."

ನಾನು ತೊದಲಿದೆ. ಅವರು ಬಿಡಲಿಲ್ಲ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸುತ್ತಾ ಭಾಗವತದ ಮೊದಲ ಸ್ಕಂಧದ ಪಟ್ಟಿ ಹೇಳತೊಡಗಿದರು. ಅಲ್ಲಿರುವುದು ಹತ್ತಲ್ಲ, ಇಪ್ಪತ್ತೆರಡು. ಮೊದಲು ಸನಕಾದಿ ಕುಮಾರರು. ವರಾಹ ಎರಡನೆಯವನು. ಆಮೇಲೆ ನಾರದ, ನರನಾರಾಯಣ, ಕಪಿಲ, ದತ್ತಾತ್ರೇಯ... ಮತ್ಸ್ಯ ಬರುವುದು ಹತ್ತನೆಯದಾಗಿ, ಕೂರ್ಮ ಹನ್ನೊಂದನೆಯದಾಗಿ. "ಭಾಗವತ ಹಿಡ್ಕೊಂಡು ಪಾಠ ಮಾಡಿದ್ರೆ ಹಂದಿ ಮೊದಲು, ಮುನಿಗಳು ನಡುವೆ, ಮೀನು ಆಮೇಲೆ. ನಿಮ್ಮ ಡಾರ್ವಿನ್ ಒಪ್ತಾನಾ?" ಅಂತ ನಕ್ಕರು. ಹೊರಡುವಾಗ ಮೆತ್ತಗೆ ಸೇರಿಸಿದರು, "ನಿಮ್ಮ ಶಾಸ್ತ್ರ ಅಷ್ಟು ಗಟ್ಟಿಯಾಗಿದ್ರೆ ನಮ್ಮ ದೇವರ ಊರುಗೋಲು ಯಾಕೆ ಅದಕ್ಕೆ?"

ರಾತ್ರಿ ಪುಸ್ತಕ ತೆಗೆದು ನೋಡಿದೆ. ಅವರು ಹೇಳಿದ ಕ್ರಮವೇ ಇತ್ತು. ಹರಿಯ ಅವತಾರಗಳಿಗೆ ಲೆಕ್ಕವೇ ಇಲ್ಲ ಎಂಬ ಮಾತೂ ಅಲ್ಲೇ ಇತ್ತು. ಹತ್ತರ ಪಟ್ಟಿಯಲ್ಲೂ ಕೆಲವರು ಬಲರಾಮನನ್ನು ಎಣಿಸುತ್ತಾರೆ, ಕೆಲವರು ಬುದ್ಧನನ್ನು. ನನಗೆ ಬೇಕಾದ ಪಟ್ಟಿ ಆರಿಸಿಕೊಂಡು, ಅದರಲ್ಲೂ ಬೇಕಾದ ಮೂರು ಪ್ರಾಣಿ ಹೆಕ್ಕಿಕೊಂಡು, ಉಳಿದದ್ದನ್ನು ಬಿಟ್ಟಿದ್ದೆ. ಒಂದು ಕಥೆಯನ್ನೂ ಕೆಡಿಸಿದ್ದೆ, ಒಂದು ಪಾಠವನ್ನೂ.

ಧರ್ಮಗ್ರಂಥಕ್ಕೂ ವಿಕಾಸವಾದಕ್ಕೂ ಜಗಳ ಅಂದರೆ ನಾವು ಓದಿರುವುದೆಲ್ಲ ಅಮೆರಿಕದ ಕಥೆ. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ವಿಕಾಸದ ಪಾಠ ಮಾಡಿದ್ದಕ್ಕೆ 100 ಡಾಲರ್ ದಂಡ ಬಿತ್ತು. ಅಲ್ಲಿ ಬಾಗಿಲು ಹಾಕಿದರು. ನಮ್ಮಲ್ಲಿ ಹೆಚ್ಚಾಗಿ ಹಾಗಾಗುವುದಿಲ್ಲ. "ಇದು ನಮ್ಮಲ್ಲೇ ಇತ್ತು" ಅಂತ ಬಿಗಿಯಾಗಿ ತಬ್ಬಿಕೊಳ್ಳುತ್ತೇವೆ, ಪಾಠಕ್ಕೆ ಉಸಿರುಕಟ್ಟುತ್ತದೆ. ಇಷ್ಟು ವರ್ಷದ ಮೇಲೆ ಹೇಳುತ್ತೇನೆ, ಒಪ್ಪದ ಹುಡುಗರಿಗೆ ಪಾಠ ಮಾಡುವುದು ಕಷ್ಟವಲ್ಲ. ಒಪ್ಪಲ್ಲ ಅನ್ನುವವನು ಕಡೇಪಕ್ಷ ಕೇಳಿಸಿಕೊಂಡಿರುತ್ತಾನೆ. "ಗೊತ್ತಿರೋದೇ ಬಿಡಿ" ಅನ್ನುವವನು ಕಿವಿಯೇ ಕೊಡುವುದಿಲ್ಲ.

ಮರುವರ್ಷ ದಶಾವತಾರ ಬಿಟ್ಟೆ. ಸಂತೆಗೆ ಹೋಗಿ ಎಲೆಕೋಸು, ಹೂಕೋಸು, ನವಿಲುಕೋಸು ಒಂದೊಂದು ತಂದು ಮೇಜಿನ ಮೇಲಿಟ್ಟೆ. ಮೂರೂ ಒಂದೇ ಜಾತಿ, ಬ್ರಾಸಿಕಾ ಒಲೆರೇಸಿಯಾ. ಯುರೋಪಿನ ಕಡಲ ದಂಡೆಯ ಒಂದು ಕಾಡುಗಿಡ. ಎಲೆ ದಪ್ಪಗಿರುವ ಗಿಡದ ಬೀಜವನ್ನೇ ಎತ್ತಿಡುತ್ತಾ ಹೋದವರಿಗೆ ಎಲೆಕೋಸು ಸಿಕ್ಕಿತು, ಹೂ ನೋಡಿ ಎತ್ತಿಟ್ಟವರಿಗೆ ಹೂಕೋಸು, ಕಾಂಡ ಊದಿದ್ದನ್ನು ಎತ್ತಿಟ್ಟವರಿಗೆ ನವಿಲುಕೋಸು. ಹುಡುಗರು ಅದನ್ನು ಗೆಡ್ಡೆ ಅಂದುಕೊಂಡಿದ್ದರು. ಎಲೆ ಕಿತ್ತ ಗುರುತು ಮೈತುಂಬ ಇರುವುದನ್ನು ತೋರಿಸಿದ ಮೇಲೆ ಕಾಂಡ ಅಂತ ಒಪ್ಪಿದರು. ನಮ್ಮ ತರಕಾರಿಯವರಿಗೆ ಸಸ್ಯಶಾಸ್ತ್ರ ಗೊತ್ತಿಲ್ಲದಿದ್ದರೂ ಮೂರಕ್ಕೂ ಕೋಸು ಎಂಬ ಮನೆತನದ ಹೆಸರು ಇಟ್ಟಿದ್ದಾರೆ! ಡಾರ್ವಿನ್ ಕೂಡ 1859ರ ತನ್ನ ಪುಸ್ತಕವನ್ನು ಶುರುಮಾಡಿದ್ದು ಸಾಕುಪ್ರಾಣಿ, ಬೆಳೆಗಳಿಂದಲೇ. ಪಾರಿವಾಳ ಸಾಕುವವರ ಕಸುಬು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಬ್ಬ ಸರಿಯಾದ ಪ್ರಶ್ನೆ ಹಾಕಿದ: "ಕೋಸಿಗೆ ಆರಿಸೋಕೆ ರೈತ ಇದ್ದ. ಕಾಡಲ್ಲಿ ಯಾರು ಆರಿಸ್ತಾರೆ?" ಬರ, ರೋಗ, ಹಸಿವು, ಬೇಟೆಯಾಡುವ ಪ್ರಾಣಿ, ಜೋಡಿ ಹುಡುಕುವ ಪೈಪೋಟಿ ಅಂದೆ. ಅವುಗಳ ಹಿಂದೆ ಯಾರಾದರೂ ಇದ್ದಾರಾ ಅಂದರೆ ನಮ್ಮ ಪ್ರಯೋಗಾಲಯದಲ್ಲಿ ಅದನ್ನು ಅಳೆಯುವ ಸಾಮಾನು ಇಲ್ಲ, ಇದೆ ಅಂತಲೂ ಇಲ್ಲ ಅಂತಲೂ ಈ ಮೇಜಿನಿಂದ ನಾನು ಹೇಳಲ್ಲ ಅಂದೆ. ಈ ಸಾಲನ್ನು ಈಗಲೂ ಪ್ರತಿವರ್ಷ ಹಾಗೇ ಹೇಳುತ್ತೇನೆ.

ಕೋಳಿ ಅಂಗಡಿಯವರ ಮಗನೊಬ್ಬ ಕ್ಲಾಸಿನಲ್ಲಿದ್ದ. ಅವನ ಕೈಲಿ ನಾಲ್ಕು ರೆಕ್ಕೆ ತರಿಸಿ ಚೆನ್ನಾಗಿ ಬೇಯಿಸಿ, ಮಾಂಸ ಬಿಡಿಸಿ, ಮೂಳೆ ಒಣಗಿಸಿ, ಕಪ್ಪು ರಟ್ಟಿನ ಮೇಲೆ ಅಂಟಿಸಿದೆವು. ಮೂಗು ಮುಚ್ಚಿಕೊಂಡವರು ಕಿಟಕಿ ಪಕ್ಕಕ್ಕೆ ಹೋದರು, ಬೇಡ ಅನ್ನಲಿಲ್ಲ. ಮೇಲ್ತೋಳಿನಲ್ಲಿ ಒಂದು ಮೂಳೆ, ಮುಂದೋಳಿನಲ್ಲಿ ಎರಡು, ಆಮೇಲೆ ಮಣಿಕಟ್ಟಿನ ಚೂರುಗಳು, ಬೆರಳುಗಳು. ಎಲ್ಲರೂ ತಮ್ಮ ತೋಳು ಒತ್ತಿ ನೋಡಿಕೊಳ್ಳಲಿ ಅಂದೆ. ಒಂದು, ಎರಡು, ಚೂರುಗಳು. ಬಾವಲಿಗೂ ಹಾಗೇ, ತಿಮಿಂಗಿಲದ ಈಜುರೆಕ್ಕೆಗೂ ಹಾಗೇ. ಹಾರುವುದಕ್ಕೂ ಈಜುವುದಕ್ಕೂ ಮುದ್ದೆ ಮುರಿಯುವುದಕ್ಕೂ ಒಂದೇ ನಕ್ಷೆ.

ಆಮೇಲೆ ಟಿಕ್ಟಾಲಿಕ್ ಎಂಬ ಪಳೆಯುಳಿಕೆಯ ಕಥೆ. ನನ್ನ ಪಾಠದ ಜೀವ ಇದು, ಇದಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡುತ್ತೇನೆ. ಸುಮಾರು 38 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಬೆನ್ನುಮೂಳೆ ಪ್ರಾಣಿಗಳ ಪೈಕಿ ಮೀನುಗಳು ಮಾತ್ರ ಸಿಗುತ್ತಿದ್ದವು. 36 ಕೋಟಿ ವರ್ಷದ ಬಂಡೆಗಳಲ್ಲಿ ಕಾಲಿರುವ ಪ್ರಾಣಿಗಳು. ಹಾಗಾದರೆ ಮೀನಿಗೂ ಕಾಲಿಗೂ ನಡುವಿನದ್ದು ಇದ್ದದ್ದೇ ಆದರೆ ಈ ಎರಡರ ನಡುವಿನ ವಯಸ್ಸಿನ ಬಂಡೆಯಲ್ಲಿ, ಹಳೆಯ ಹೊಳೆಗಳ ಕೆಸರು ಕಲ್ಲಾದ ಜಾಗದಲ್ಲಿ ಸಿಗಬೇಕು. ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಜೊತೆಗಾರರು ಭೂಪಟ ನೋಡಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪ ಆರಿಸಿಕೊಂಡರು. ಹಲವು ಬೇಸಿಗೆ ಹೆಚ್ಚುಕಡಿಮೆ ಬರಿಗೈಲಿ ಬಂದರು. 2004ರಲ್ಲಿ ಸಿಕ್ಕಿತು: ಮೀನಿನ ಹುರುಪೆ, ಮೀನಿನ ರೆಕ್ಕೆ, ಆದರೆ ತಿರುಗಿಸಬಲ್ಲ ಕತ್ತು, ಮತ್ತು ಆ ರೆಕ್ಕೆಯೊಳಗೆ ಒಂದು ಮೂಳೆ, ಎರಡು ಮೂಳೆ, ಚೂರುಗಳು. ನಾನು ಇಲ್ಲಿ ಸುಮ್ಮನಾಗುತ್ತೇನೆ. ಯಾರಾದರೂ ಒಬ್ಬರು ತಮ್ಮ ತೋಳು ಮುಟ್ಟಿಕೊಳ್ಳುವವರೆಗೆ.

"ಇಂಥ ಕಡೆ ಅಗೆದರೆ ಇಂಥದ್ದು ಸಿಗಬೇಕು, ಸಿಗದಿದ್ದರೆ ನಾವು ಯೋಚನೆ ಮಾಡಬೇಕು" ಅಂತ ಮೊದಲೇ ಹೇಳುವ ಧೈರ್ಯ ದಶಾವತಾರದ ಸಾಲಿಗೆ ಇಲ್ಲ. ಇರಬೇಕಾಗಿಯೂ ಇಲ್ಲ, ಅದು ಅಗೆಯಲು ಹೇಳಿದ ಮಾತಲ್ಲ. ಹೋದ ವರ್ಷ ಒಬ್ಬ ಹೊಸದೊಂದು ತಂದ: "ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಗೆ 454 ಕೋಟಿ. ಹತ್ತಿರ ಹತ್ತಿರ ಇದೆಯಲ್ಲ ಮೇಡಂ?" ಎರಡೂ ಎಲ್ಲಿಂದ ಬಂದವು ಅಂತ ಹುಡುಕಿಕೊಂಡು ಬಾ ಅಂದೆ. ಒಂದು ಯುಗಗಳ ಗುಣಾಕಾರದಿಂದ. ಇನ್ನೊಂದು ಉಲ್ಕಾಶಿಲೆಗಳಲ್ಲಿನ ಸೀಸದ ಅಳತೆಯಿಂದ, 1956ರಲ್ಲಿ ಪ್ಯಾಟರ್‌ಸನ್ ಎಂಬ ವಿಜ್ಞಾನಿ ಹಾಕಿಕೊಟ್ಟ ಲೆಕ್ಕ. ನಾಳೆ ಬೇರೆ ಕಲ್ಲು ಬೇರೆ ಹೇಳಿದರೆ ಯಾವ ಅಂಕಿ ಬದಲಾಗುತ್ತೆ ಅಂತ ಕೇಳಿದೆ. ಹುಡುಗ ಉತ್ತರ ಹೇಳದೆ ನಕ್ಕ.

ಮಂಗನ ಪ್ರಶ್ನೆ ಯಾವ ವರ್ಷವೂ ತಪ್ಪಿದ್ದಲ್ಲ. 2018ರಲ್ಲಿ ಕೇಂದ್ರದ ಸಚಿವರೊಬ್ಬರು ವಾನರ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ ಅಂದಾಗಂತೂ ಮೂರು ದಿನ ಅದೇ ಮಾತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಹೇಳಿಕೆ ಕೊಟ್ಟು ಅದನ್ನು ತಳ್ಳಿಹಾಕಿದವು. ಆದರೆ ಹಳ್ಳಿ ಹುಡುಗರಿಗೆ ಅಕಾಡೆಮಿಗಿಂತ ಪಹಣಿ ಬೇಗ ಅರ್ಥವಾಗುತ್ತದೆ. ಚಿಂಪಾಂಜಿ ನಮ್ಮ ತಾತನಲ್ಲ, ದಾಯಾದಿ. ಇಬ್ಬರಿಗೂ ಮೇಲೊಬ್ಬ ಮೂಲಪುರುಷ ಇದ್ದ, ಪಾಲಾಗಿ ಬೇರೆಯಾದೆವು. ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್ ಅವರ ಕಡೆ 24 ಜೊತೆ, ನಮ್ಮ ಕಡೆ 23. ಒಂದು ಜೊತೆ ಎಲ್ಲಿ ಹೋಯಿತು? ನಮ್ಮ ಎರಡನೇ ಕ್ರೋಮೋಸೋಮಿನ ನಟ್ಟನಡುವೆ, ತುದಿಯಲ್ಲಿ ಮಾತ್ರ ಇರಬೇಕಾದ ಟೀಲೋಮಿಯರ್ ಸರಣಿ ಎದುರುಬದುರಾಗಿ ಸಿಕ್ಕಿತು, 1991ರಲ್ಲಿ. ಎರಡು ಕ್ರೋಮೋಸೋಮ್ ಕೂಡಿ ಒಂದಾದ ಗುರುತು ಅದು. ಎರಡು ಸರ್ವೆ ನಂಬರು ಒಂದು ಮಾಡಿ ಉತ್ತರೂ ಹಳೇ ಬದು ನಡುವೆ ಎದ್ದು ಕಾಣುವ ಹಾಗೆ. "ಬದು ಒತ್ತಿದ್ದು ಯಾರು ಮಿಸ್?" ಅಂತ ಒಬ್ಬಳು ಕೇಳಿದಳು, ಕ್ಲಾಸೆಲ್ಲ ಗೊಳ್ ಅಂತ ನಕ್ಕಿತು.

ಇದೆಲ್ಲ ಸಿಗುವುದು ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ ಅನ್ನುವುದು ನನ್ನ ಕೊರಗು. 2023ರಲ್ಲಿ ಪಠ್ಯಭಾರ ಇಳಿಸುವ ಹೆಸರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆದರು. ಆ ಪುಸ್ತಕ ಓದಿ ಕಾಮರ್ಸ್‌ಗೆ ಹೋದ ಹುಡುಗನ ಪಾಲಿಗೆ ವಿಕಾಸ ಅಂದರೆ ವಾಟ್ಸಾಪ್‌ನಲ್ಲಿ ಬಂದದ್ದಷ್ಟೇ.

ದುಪಟ್ಟ ಸುತ್ತುತ್ತಿದ್ದ ಹುಡುಗಿಗೆ ನಾನು ಬಾಕಿ ಇದ್ದೆ. ಆ ಮೊದಲ ವರ್ಷದ ಕೊನೆಗೇ, ಪ್ರವೇಶಪತ್ರ ಕೊಡುವ ದಿನ ಅವಳನ್ನು ಕೂರಿಸಿಕೊಂಡು ತಪ್ಪೊಪ್ಪಿಕೊಂಡೆ. ಕಥೆ ತಂದದ್ದೇ ತಪ್ಪು, ನಿಮ್ಮದಾಗಲಿ ನಮ್ಮದಾಗಲಿ ಇಲ್ಲಿ ಸಾಕ್ಷಿ ಹೇಳೋಕೆ ಬರಲ್ಲ ಅಂದೆ. ಅವಳು ಯೋಚಿಸಿ, "ಪರೀಕ್ಷೇಲಿ ಸರಿಯಾಗಿ ಬರೀತೀನಿ ಮಿಸ್. ಆದ್ರೆ ನಂಬಲೇಬೇಕಾ?" ಅಂದಳು. ನಂಬು ಅಂತ ಕೇಳೋ ಹಕ್ಕು ನನಗಿಲ್ಲ, ಆಧಾರ ಏನು ಅಂತ ತಪ್ಪಿಲ್ಲದೆ ಹೇಳೋಕೆ ಬಂದ್ರೆ ಸಾಕು, ಉಳಿದದ್ದು ನಿನ್ನದು ಅಂದೆ. ಈ ಉತ್ತರ ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಹಿಡಿಸಿಲ್ಲ, ಜಾರಿಕೊಂಡೆ ಅನ್ನುತ್ತಾರೆ. ಇರಬಹುದು. ಅವಳು ಈಗ ಬಿಎಸ್ಸಿ ಮುಗಿಸಿದ್ದಾಳೆ, ಪ್ರಾಣಿಶಾಸ್ತ್ರ. ರಂಜಾನಿಗೆ ಮೆಸೇಜ್ ಕಳಿಸುತ್ತಾಳೆ, ಪಾಠದ ಸುದ್ದಿ ಇಬ್ಬರೂ ಎತ್ತುವುದಿಲ್ಲ.

ಅರ್ಚಕರು ಆಮೇಲೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮೊಮ್ಮಗನ ನೋಟ್ಸ್ ನೋಡಿದ್ದರಂತೆ. "ಆ ಕತ್ತು ತಿರುಗಿಸೋ ಮೀನಿನ ಹೆಸರೇನು ತಾಯಿ, ಬಾಯಿಗೆ ಬರ್ತಿಲ್ಲ." ಟಿಕ್ಟಾಲಿಕ್ ಅಂದೆ, ಅಲ್ಲಿನ ಇನುಯಿಟ್ ಜನರ ಮಾತಿನಲ್ಲಿ ಸಿಹಿನೀರಿನ ದೊಡ್ಡ ಮೀನು ಅಂತ. ಎರಡು ಸಲ ಹೇಳಿ ನೋಡಿಕೊಂಡು ಬಸ್ ಹತ್ತಿದರು.

ಈ ವರ್ಷದ ಪಾಠ ಹತ್ತಿರ ಬಂತು. ಕೋಳಿ ಅಂಗಡಿ ಹುಡುಗ ಪಾಸಾಗಿ ಹೋದ, ರಟ್ಟಿನ ಮೇಲಿನ ಮೂಳೆಗಳನ್ನು ಇಲಿ ಎಳೆದುಕೊಂಡು ಹೋಗಿದೆ. ಹೊಸ ರೆಕ್ಕೆ ತರೋರು ಯಾರು ಅಂತ ನೋಡಬೇಕು.