ಜಿಂಜಾಕ್ಕೆ ಮರಳಿದೆ

ನಾನು ಹುಟ್ಟಿದ್ದು ಉಗಾಂಡದ ಜಿಂಜಾದಲ್ಲಿ, ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಊರಿನಲ್ಲಿ. ಪುತ್ತೂರಿನ ಕಡೆಯಿಂದ ಹೋಗಿದ್ದ ಅಪ್ಪ ಅಲ್ಲಿ ಗಣಿತದ ಮೇಷ್ಟ್ರಾಗಿದ್ದರು. 1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ ನನಗೆ ಹನ್ನೆರಡು ವರ್ಷ. ರೈಲಿನಲ್ಲಿ ಮೊಂಬಾಸಾಕ್ಕೆ ಹೋಗಿ, ಹಡಗು ಹತ್ತಿ ಮುಂಬಯಿಗೆ ಬಂದೆವು. ಪುತ್ತೂರಿನಲ್ಲಿ ಓದಿದೆ, ಅಡಿಕೆ ತೋಟದ ಪಂಪುಗಳ ಮೋಟರ್ ರಿವೈಂಡಿಂಗ್ ಕಲಿತು ಅದರಲ್ಲೇ ಸಂಸಾರ ಸಾಗಿಸಿದೆ. ಊರು ಯಾವುದು ಎಂದು ಕೇಳಿದವರಿಗೆ ಪುತ್ತೂರು ಎನ್ನುತ್ತಿದ್ದೆ. ಹಾಗೆನ್ನುವಾಗಲೆಲ್ಲ ಅರ್ಧ ಮಾತು ಗಂಟಲಿನಲ್ಲೇ ಉಳಿಯುತ್ತಿತ್ತು.

ನಲವತ್ತು ವರ್ಷಗಳ ಮೇಲೆ, 2012ರಲ್ಲಿ, ಮೂರು ವಾರದ ಮಟ್ಟಿಗೆ ಹೋದೆ. ನಾವಿದ್ದ ಮನೆ ಹಾಗೆಯೇ ಇತ್ತು. ಅಂಗಳದಲ್ಲಿ ಅಮ್ಮ ನೆಟ್ಟ ಹಲಸಿನ ಮರವೂ ಇತ್ತು. ಬಾಗಿಲಿಗೆ ಬಂದ ಹೆಂಗಸು ನನ್ನ ಮುಖ ನೋಡಿದವಳೇ ಅಲ್ಲಾಡದೆ ನಿಂತಳು. "ಮನೆ ಕೇಳಲು ಬಂದಿರಾ?" ಅದು ಅವಳ ಮೊದಲ ಮಾತು. 1990ರ ದಶಕದಲ್ಲಿ ಸರ್ಕಾರ ಏಷ್ಯನ್ನರ ಆಸ್ತಿಗಳನ್ನು ಹಿಂದಿರುಗಿಸಿದಾಗ ಅವಳ ನೆರೆಯವರು ಕೆಲವರು ಗಂಟುಮೂಟೆ ಕಟ್ಟಿದ್ದರಂತೆ. ನಾವು ಬಾಡಿಗೆಗೆ ಇದ್ದವರು, ಮರ ನೋಡಿ ಹೋಗಲು ಬಂದೆ ಎಂದೆ. ಆಗ ಕೈಯೊರೆಸಿಕೊಂಡು "ಕೊಧೆಯೋ" ಎಂದಳು. ಹೊರಗೆ ಹೋಗಿ ಬಂದವರಿಗೆ ಜಿಂಜಾ ಕಡೆಯ ಬಸೋಗ ಜನ ಹೇಳುವ ಮಾತು ಅದು, "ಬಂದಿರಾ" ಎಂದು ನಾವು ಕೇಳುವ ಹಾಗೆ. ಚಹಾ ಕೊಟ್ಟಳು. ಆ ಮನೆಯಲ್ಲಿ ನಾವಿದ್ದದ್ದಕ್ಕಿಂತ ಹೆಚ್ಚು ವರ್ಷ ಅವಳು ಬಾಳಿದ್ದಾಳೆ, ಅದು ಅವಳ ಮನೆ. ಮರಳುವುದಾದರೆ ಬೇರೆ ಬೀದಿಯಲ್ಲಿ ಹೊಸಬನಾಗಿಯೇ ಬಾಳಬೇಕು ಎಂದು ಅವಳ ಜಗಲಿಯಲ್ಲಿ ಕುಳಿತು ನಿಶ್ಚಯಿಸಿದೆ.

ಹುಟ್ಟಿದ ಊರಾದ್ದರಿಂದ ಕಾಗದಪತ್ರ ಸುಲಭವಾಗಬಹುದು ಎಂಬ ನನ್ನ ಎಣಿಕೆ ತಪ್ಪಾಗಿತ್ತು. ಜಿಂಜಾದ ಜನನ ಪತ್ರ ಕೈಯಲ್ಲಿದ್ದರೂ ಕಾನೂನಿಗೆ ನಾನು ಭಾರತದ ಪಾಸ್‌ಪೋರ್ಟ್ ಹಿಡಿದ ವಿದೇಶಿ. ಉಗಾಂಡದ ಪೌರತ್ವ ಪಡೆದರೆ ಭಾರತದ್ದನ್ನು ಬಿಡಬೇಕು, ಏಕೆಂದರೆ ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಅದಕ್ಕೆ ಮನಸ್ಸು ಬರಲಿಲ್ಲ. ಹಾಗಾಗಿ ಕೆಲಸದ ಪರವಾನಗಿಯ ದಾರಿ ಹಿಡಿದೆ. ಮೋಟರ್ ರಿಪೇರಿ ಮಾಡುವ ಒಂದು ವರ್ಕ್‌ಶಾಪಿನ ಮಾಲೀಕರು ಕೆಲಸ ಕೊಡಲು ಒಪ್ಪಿದರು. ಒಬ್ಬ ಮಧ್ಯವರ್ತಿಗೆ ಹಣ ಕೊಟ್ಟು ನಾಲ್ಕು ತಿಂಗಳು ಕಳೆದುಕೊಂಡೆ. ಕೊನೆಗೆ ಮಾಲೀಕರೇ ಖುದ್ದಾಗಿ ಅರ್ಜಿ ಹಾಕಿದ ಮೇಲೆ ಕೆಲಸವಾಯಿತು. ಹೀಗೆ ಹೋಗುವುದಾದರೆ, ಅಪರಾಧದ ದಾಖಲೆ ಇಲ್ಲ ಎಂಬ ಪೊಲೀಸ್ ಪ್ರಮಾಣಪತ್ರವನ್ನು ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳಿ, ದೂರದಿಂದ ತರಿಸುವುದು ಬಲು ಕಷ್ಟ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಳ್ಳಬೇಕು. ಸಾಮಾನು ಹೆಚ್ಚು ಒಯ್ಯಲಿಲ್ಲ: ರಿವೈಂಡಿಂಗ್ ಉಪಕರಣಗಳು, ದೋಸೆ ಕಾವಲಿ, ಅಪ್ಪನ ಎರಡು ಪುಸ್ತಕ. ಹೆಂಡತಿ ಎಂಟು ತಿಂಗಳು ಬಿಟ್ಟು ಬಂದಳು, ಅದು ಒಳ್ಳೆಯದೇ ಆಯಿತು. ಅಷ್ಟರಲ್ಲಿ ನಾನು ಒಂದು ಸಲ ಮಲೇರಿಯಾ ಬಂದು ಮಲಗಿ ಎದ್ದು, ಮನೆಯ ಮಂಚಗಳಿಗೆಲ್ಲ ಸೊಳ್ಳೆಪರದೆ ಕಟ್ಟಿದ್ದೆ.

ನನಗೆ ತುಂಬ ಕಷ್ಟವಾದದ್ದು ಭಾಷೆ. ಬಾಲ್ಯದ ಸ್ವಾಹಿಲಿ ತುಣುಕು ತುಣುಕಾಗಿ ನಾಲಿಗೆಗೆ ಮರಳಿತು, ಮೋಜಾ, ಮ್ಬಿಲಿ, ಟಾಟು ಎಂದು ಎಣಿಕೆಯೇ ಮೊದಲು. ಖುಷಿಯಿಂದ ಮಾರುಕಟ್ಟೆಯಲ್ಲಿ ಅದನ್ನೇ ಆಡಿದೆ. ಬಾಳೆಗೊನೆ ಮಾರುವ ಮುದುಕರೊಬ್ಬರು ಮುಖ ತಿರುಗಿಸಿದರು. ಸ್ವಾಹಿಲಿ ಅಮೀನನ ಸೈನಿಕರು ಆಡುತ್ತಿದ್ದ ಭಾಷೆ. ರಸ್ತೆ ತಡೆಗಳಲ್ಲಿ ಅದನ್ನು ಕೇಳಿ ನಡುಗಿದವರು ಇಲ್ಲಿ ಇನ್ನೂ ಇದ್ದಾರೆ ಎಂದು ನನ್ನ ಜೊತೆಗಿದ್ದ ಹುಡುಗ ಆಮೇಲೆ ತಿಳಿಸಿದ. ನಾವು ಹಡಗು ಹತ್ತಿದೆವು, ಆ ಮುದುಕರು ಇಲ್ಲೇ ಉಳಿದು 1979ರವರೆಗೆ ಅಮೀನನ ಆಳ್ವಿಕೆಯನ್ನು ಅನುಭವಿಸಿದರು. ನಮ್ಮ ಮನೆಯಲ್ಲಿ ನಲವತ್ತು ವರ್ಷ ನಾವು ಕಳೆದುಕೊಂಡದ್ದರ ಮಾತೇ ಆಗುತ್ತಿತ್ತು, ಇವರ ಮಾತು ಒಮ್ಮೆಯೂ ಬಂದಿರಲಿಲ್ಲ. ಮರುದಿನವೇ ವರ್ಕ್‌ಶಾಪಿನ ಹುಡುಗರ ಹತ್ತಿರ ಬಸೋಗರ ಭಾಷೆ ಲುಸೋಗ ಕಲಿಯಲು ಕುಳಿತೆ.

ಅವರಿಗೆ ನಾನು ಮೋಟರ್ ಕಲಿಸುತ್ತೇನೆ. ಇಲ್ಲಿಯ ಜನರ ನಿತ್ಯದ ಊಟವಾದ ಪೋಶೋ ಮೆಕ್ಕೆಜೋಳದ ಹಿಟ್ಟಿನದು, ಹಾಗಾಗಿ ಹಿಟ್ಟಿನ ಗಿರಣಿಯ ಮೋಟರುಗಳೇ ಹೆಚ್ಚು ಬರುತ್ತವೆ. ಮೊನ್ನೆ ಒಂದನ್ನು ಬಿಚ್ಚಿದಾಗ ಒಂದು ಗುಂಪಿನ ತಾಮ್ರದ ಸುರುಳಿಗಳು ಹೊಳೆಯುತ್ತಿದ್ದವು, ಉಳಿದೆರಡು ಇದ್ದಿಲಾಗಿದ್ದವು. ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದು ಫೇಸ್ ಹೋದಾಗಲೂ ಗಿರಣಿ ಓಡಿಸಿದ ಗುರುತು ಅದು. ಪುತ್ತೂರಿನ ತೋಟದ ಪಂಪುಗಳಲ್ಲಿ ನೂರಾರು ಸಲ ಕಂಡದ್ದು. ನಾನು ಬಾಯಿ ತೆರೆಯುವ ಮೊದಲೇ ಹುಡುಗನೊಬ್ಬ ಕಾರಣ ಹೇಳಿದ, ಅದೂ ಲುಸೋಗದಲ್ಲಿ. ನನಗೆ ಪೂರ್ತಿ ಅರ್ಥವಾಯಿತು.

ಹಳೆಯ ಮನೆಯ ಹಲಸಿನ ಮರ ಈಗ ಹೆಂಡತಿಯ ಪಾಲಿಗೆ ಬಂದಿದೆ. ಆ ಮನೆಯವರಿಗೆ ಹಣ್ಣು ಮಾತ್ರ ಗೊತ್ತು. ಎಳೆಯ ಹಲಸಿನಕಾಯಿಯನ್ನು, ನಮ್ಮ ಗುಜ್ಜೆಯನ್ನು, ಯಾರಾದರೂ ತಿನ್ನುತ್ತಾರೆಯೇ ಎಂದು ಆ ಹೆಂಗಸು ಮೊದಲ ವರ್ಷ ಬೆರಗಾಗಿದ್ದಳು. ಈಗ ಮಿಡಿ ಕಚ್ಚಿದೊಡನೆ ಫೋನ್ ಮಾಡುತ್ತಾಳೆ. ಹೋದ ವಾರ ತಾನೇ ಎರಡು ಗುಜ್ಜೆ ಹೊತ್ತು ನಮ್ಮ ಬಾಗಿಲಿಗೆ ಬಂದಳು. ಒಳಗಿನಿಂದ "ಕೊಧೆಯೋ" ಎಂದವಳು ನನ್ನ ಹೆಂಡತಿ.