ಮುಳ್ಳು ಬಿಟ್ಟು ಪರದೆಗೆ ಬಂದಾಗ

ನಾನು ಹಾರಲು ಕಲಿತದ್ದು ಆರು ದುಂಡು ಡಯಲ್‌ಗಳಿದ್ದ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ. ಆಮೇಲೆ ಗಾರ್ಮಿನ್ ಜಿ1000, ಅಂದರೆ ಡಯಲ್‌ಗಳ ಬದಲು ಎರಡು ಕಂಪ್ಯೂಟರ್ ಪರದೆಗಳು, ಇರುವ 172ಕ್ಕೆ ಬಂದೆ. ವಿಮಾನ ಹೆಚ್ಚುಕಡಿಮೆ ಅದೇ. ಆದರೆ ಮೊದಲ ದಿನ ಕಣ್ಣನ್ನು ಎಲ್ಲಿ ಇಡಬೇಕು ಅಂತಲೇ ತಿಳಿಯಲಿಲ್ಲ.

ಯಾಕೆ ಅಂತ ಹೊಳೆಯಲು ಕೆಲವು ದಿನ ಹಿಡಿಯಿತು. ಹಳೆಯ ಡಯಲ್‌ನಲ್ಲಿ ನಾನು ಅಂಕಿ ಓದುತ್ತಲೇ ಇರಲಿಲ್ಲ. ಮುಳ್ಳು ಎತ್ತ ವಾಲಿದೆ ಅಂತ ಓರೆಗಣ್ಣಲ್ಲಿ ನೋಡಿದರೆ ಸಾಕಿತ್ತು. ಪರದೆಯಲ್ಲಿ ವೇಗ ಎಡಕ್ಕೆ, ಎತ್ತರ ಬಲಕ್ಕೆ. ಎರಡೂ ಅಳತೆ ಪಟ್ಟಿಯ ಹಾಗೆ ಮೇಲೆ ಕೆಳಗೆ ಸರಿಯುತ್ತವೆ. ಇಳಿಯುವಾಗ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗ ಹಿಡಿಯಲು ಹೋಗಿ 64, 67, 63 ಅಂತ ಅಂಕಿಗಳ ಹಿಂದೆ ಓಡುತ್ತಿದ್ದೆ. ವಿಮಾನದ ಮೂಗು ಏಳುತ್ತಿತ್ತು, ಬೀಳುತ್ತಿತ್ತು. ಹೊರಗೆ ರನ್‌ವೇ ನೋಡುವುದೇ ಕಡಿಮೆಯಾಗಿತ್ತು.

ನನಗೆ ನೆರವಾದದ್ದು ವೇಗದ ಪಟ್ಟಿಯ ಪಕ್ಕದ ಮೆಜೆಂಟಾ ಬಣ್ಣದ ಗೆರೆ. ವೇಗ ಹೀಗೇ ಏರುತ್ತಾ ಅಥವಾ ಇಳಿಯುತ್ತಾ ಹೋದರೆ ಇನ್ನು 6 ಸೆಕೆಂಡಿಗೆ ಎಷ್ಟಾಗುತ್ತದೆ ಅಂತ ಅದು ಹೇಳುತ್ತದೆ. ಗೆರೆ ಇಲ್ಲ ಅಂದರೆ ವೇಗ ಬದಲಾಗುತ್ತಿಲ್ಲ. ಅಂಕಿ ಬಿಟ್ಟು ಗೆರೆಯ ಉದ್ದ ನೋಡತೊಡಗಿದೆ. ಮೂಗಿನ ಕೋನ ಹಿಡಿ, ಪವರ್ ಇಡು, ಗೆರೆ ಕುಗ್ಗಿತೇ ನೋಡು, ಕಣ್ಣು ಮತ್ತೆ ಹೊರಗೆ. ಮೂರನೇ ಹಾರಾಟಕ್ಕೆ ಕೈ ಹಗುರಾಯಿತು.

ಗುಂಡಿಗಳನ್ನು ಮಾತ್ರ ನೆಲದ ಮೇಲೇ ಕಲಿಯಿರಿ, ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ. ಆಕಾಶದಲ್ಲಿ ಮೆನು ಹುಡುಕುತ್ತಾ ಕೂರಬಾರದು.

ಜಾಸ್ತಿ ಸಮಯ ಕೊಟ್ಟದ್ದು ಈ ಉಪಕರಣಗಳು ಕೆಟ್ಟಾಗ ಏನು ಮಾಡಬೇಕು ಅನ್ನುವುದಕ್ಕೆ. ಅಪಘಾತಗಳ ತನಿಖೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿ 2010ರಲ್ಲಿ ಸಣ್ಣ ವಿಮಾನಗಳ ಅಧ್ಯಯನ ಪ್ರಕಟಿಸಿತ್ತು. ಗ್ಲಾಸ್ ಕಾಕ್‌ಪಿಟ್, ಅಂದರೆ ಇಂಥ ಪರದೆಗಳು, ಇದ್ದವುಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆ, ಆದರೆ ಸಾವು ತಂದ ಅಪಘಾತಗಳದ್ದು ಹೆಚ್ಚು. ಅದನ್ನು ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ.

ಎರಡು ಕೇಡುಗಳನ್ನು ಬೇರೆ ಮಾಡಿ ನೋಡಬೇಕು. ಎದುರಿನ ಪರದೆ ಕಪ್ಪಾದರೆ ನಡುವಿನ ಕೆಂಪು ಗುಂಡಿ ಒತ್ತಿದರಾಯಿತು, ಎಲ್ಲವೂ ಪಕ್ಕದ ಪರದೆಗೆ ಬರುತ್ತದೆ. ಆದರೆ ವಿಮಾನದ ವಾಲು, ದಿಕ್ಕನ್ನು ಅಳೆದು ಪರದೆಗೆ ಕಳಿಸುವ ಎಎಚ್‌ಆರ್‌ಎಸ್ ಕೈಕೊಟ್ಟರೆ ಆ ಗುಂಡಿಯಿಂದ ಪ್ರಯೋಜನವಿಲ್ಲ. ಪರದೆಯಲ್ಲಿ ಆ ಎರಡರ ಮೇಲೂ ಕೆಂಪು X ಗುರುತು ಬೀಳುತ್ತದೆ. ಆಗ ವಾಲು ತಿಳಿಯಲು ಕೆಳಗಿರುವ ಮೂರು ಸಣ್ಣ ಡಯಲ್‌ಗಳಲ್ಲಿ ಒಂದು, ದಿಕ್ಕಿಗೆ ಮೇಲಿನ ದಿಕ್ಸೂಚಿ ಮಾತ್ರ ಆಸರೆ. ಅಷ್ಟು ಕೆಳಗೆ ನೋಡಿ ನೇರವಾಗಿ ಹಾರುವುದು ಸುಲಭವಲ್ಲ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ ಪರದೆಯ ಬೆಳಕು ಪೂರ್ತಿ ತಗ್ಗಿಸಿ, ಆ ಮೂರನ್ನೇ ನಂಬಿ ತಿರುವು ತೆಗೆದುಕೊಳ್ಳುವುದನ್ನು ಈಗಲೂ ಅಭ್ಯಾಸ ಮಾಡುತ್ತೇನೆ.