ಐರೋಲಿಯ ಕಾಂಡ್ಲಾ ಕಾಡಲ್ಲಿ ಗಲಾಪಗಸ್ ಹಕ್ಕಿಯ ಪಾಠ

ನವಿ ಮುಂಬೈಯ ನಮ್ಮ ಕನ್ನಡ ಮನೆಗಳ ಮಕ್ಕಳನ್ನು ಭಾನುವಾರ ಹಕ್ಕಿ ನೋಡಲು ಕರೆದೊಯ್ಯುತ್ತೇನೆ. ಐರೋಲಿ ಕಡೆ ಹೊರಟರೆ ಎಲ್ಲರಿಗೂ ಫ್ಲೆಮಿಂಗೋನೇ ಬೇಕು. ನನಗೆ ಮಾತ್ರ ಇಲ್ಲಿ ಕಾಣದ, ಬಣ್ಣಗಿಣ್ಣ ಏನೂ ಇಲ್ಲದ ಒಂದು ಕಂದು ಹಕ್ಕಿಯ ಬಗ್ಗೆ ಹೇಳಬೇಕಿತ್ತು. ಅದೇ ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳ ಮ್ಯಾಂಗ್ರೋವ್ ಫಿಂಚ್. ಮ್ಯಾಂಗ್ರೋವ್ ಅಂದರೆ ನಮ್ಮ ಕಾಂಡ್ಲಾ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರಗಳು; ಅದೂ ಕಾಂಡ್ಲಾ ಕಾಡಿನ ಹಕ್ಕಿಯೇ. ಕಾಂಡ್ಲಾ ಕಣ್ಣೆದುರಿಗೇ ಇರುವಾಗ ಮನೆಯಲ್ಲಿ ಕೂತು ಪಟ ತೋರಿಸುವುದು ಯಾಕೆ, ಅಲ್ವಾ?

ಪರಿಚಯ ಬೇಗ ಮುಗಿಸುತ್ತೇನೆ. ಹಕ್ಕಿ ಸುಮಾರು 14 ಸೆಂಟಿಮೀಟರ್ ಉದ್ದ. 1835ರಲ್ಲಿ ಅಲ್ಲಿಗೆ ಹೋದ ಡಾರ್ವಿನ್ ಕೈಗೆ ಇದು ಸಿಗಲಿಲ್ಲ, ವೈಜ್ಞಾನಿಕ ಹೆಸರು ಸಿಕ್ಕಿದ್ದೇ 1901ರಲ್ಲಿ. ಹೆಸರಲ್ಲಿ ಫಿಂಚ್ ಇದ್ದರೂ ಕುಟುಂಬ ಟ್ಯಾನಜರ್ ಅನ್ನುವ ಅಮೆರಿಕ ಖಂಡಗಳ ಹಕ್ಕಿಗಳದ್ದು. ಈಗ ಇಸಬೆಲಾ ದ್ವೀಪದ ವಾಯವ್ಯ ಕರಾವಳಿಯ ಎರಡು ಸಣ್ಣ ಕಾಡುಗಳಲ್ಲಿ ಸುಮಾರು ನೂರು ಹಕ್ಕಿಗಳಿವೆ, ಅಷ್ಟೇ. ಬೆಳಿಗ್ಗೆ ಲೋಕಲ್‌ನ ಒಂದು ಡಬ್ಬಿಯಲ್ಲಿ ಇದಕ್ಕಿಂತ ಜಾಸ್ತಿ ಜನ ನಿಂತಿರುತ್ತಾರೆ ಅಂದರೆ ಮಕ್ಕಳಿಗೆ ಲೆಕ್ಕ ತಕ್ಷಣ ಹೊಳೆಯುತ್ತದೆ.

ಆಮೇಲೆ ಅಸಲಿ ಪಾಠ. ನೀರು ಇಳಿದ ಹೊತ್ತು ನೋಡಿಕೊಂಡೇ ಹೋಗಬೇಕು, ಇಲ್ಲದಿದ್ದರೆ ನೆಲವೇ ಕಾಣುವುದಿಲ್ಲ. ಮರದ ಹಲಗೆ ಹಾದಿಯ ಮೇಲೆ ನಿಲ್ಲಿಸಿ, 'ಕೆಳಗೆ ಒಣಗಿದ ಎಲೆ ಹುಡುಕಿ' ಅನ್ನುತ್ತೇನೆ. ಕೆಸರು, ಕೆಸರಿನಿಂದ ನೆಟ್ಟಗೆ ಮೇಲೆದ್ದ ಉಸಿರುಬೇರುಗಳು, ಒಂದೆರಡು ಗುಟ್ಕಾ ಚೀಟಿ. ಒಣ ಎಲೆಯ ರಾಶಿ ಇಲ್ಲ. ದಿನಕ್ಕೆರಡು ಸಲ ಭರತ ಬಂದು ತೊಳೆದುಕೊಂಡು ಹೋಗುತ್ತದೆ. ಫಿಂಚ್ ಇರುವ ಕಾಡು ಹಾಗಲ್ಲ. ಸಮುದ್ರಕ್ಕೂ ಮರಗಳಿಗೂ ನಡುವೆ ಮರಳ ದಿಬ್ಬವಿದೆ. ಉದುರಿದ ಎಲೆ, ಒಣ ಕೊಂಬೆ ಎಲ್ಲ ಅಲ್ಲೇ ಬೀಳುತ್ತವೆ, ಅಲ್ಲೇ ಕೊಳೆಯುತ್ತವೆ. ಅದರಡಿಯ ಹುಳು, ಜೇಡಗಳೇ ಹಕ್ಕಿಯ ಊಟ. ಜೊತೆಗೆ ಬಂದಿದ್ದ ಕುಂದಾಪುರದ ಅಜ್ಜ ಒಬ್ಬರು, "ಕಾಂಡ್ಲಾ ಅಂದ್ಮೇಲೆ ನೀರು ಬಾರದೆ ಇರತ್ತಾ ಮಾರಾಯ್ರೆ?" ಅಂದರು. ವಿಷಯ ಇರುವುದೇ ಅಲ್ಲಿ. ಕಾಂಡ್ಲಾ ಇದ್ದರೆ ಸಾಲದು, ಇಂಥ ಕಾಂಡ್ಲಾನೇ ಬೇಕು. ಗಲಾಪಗಸ್‌ನಲ್ಲಿ ಬೇರೆ ಕಡೆಯೂ ಕಾಂಡ್ಲಾ ಇದೆ, ಈ ಹಕ್ಕಿ ಇಲ್ಲ.

ಇನ್ನೊಂದು ಆಟ. ಮನೆಯಿಂದ ತಂದ ತಟ್ಟೆಯಲ್ಲಿ ಒಣ ಎಲೆ ತುಂಬಿ, ಅಡಿಯಲ್ಲಿ ಸಾಬೂದಾಣಿ ಕಾಳು ಬಚ್ಚಿಟ್ಟು, ಕೈಗೆ ಚಿಮಟ ಕೊಡುತ್ತೇನೆ. ಕೆಲವರು ಎಲೆಯನ್ನೆಲ್ಲ ಆಚೆ ಎಸೆಯುತ್ತಾರೆ. ಒಬ್ಬಳು ಮಾತ್ರ ಒಂದೊಂದೇ ಎಲೆ ಮಗುಚಿ, ಕಾಳು ಎತ್ತಿ, ಮುಂದಿನ ಎಲೆಗೆ ಹೋದಳು. ಹಕ್ಕಿ ಮಾಡುವುದೂ ಇದನ್ನೇ. ಒಣ ಕೊಂಬೆಯ ತೊಗಟೆಯನ್ನೂ ಕೊಕ್ಕಿನಿಂದ ಕಿತ್ತು ನೋಡುತ್ತದೆ.

ಕಷ್ಟದ ಭಾಗ ಇಲಿ ಮತ್ತು ನೊಣದ್ದು. ಇಲಿ ಹಡಗಿನಲ್ಲಿ ಬಂದದ್ದು, ಮೊಟ್ಟೆ ಮರಿ ಎರಡನ್ನೂ ತಿನ್ನುತ್ತದೆ. ಫಿಲೋರ್ನಿಸ್ ಅನ್ನುವ ನೊಣವೂ ಹೊರಗಿನದ್ದೇ. ಅದು ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಹುಟ್ಟಿದ ಹುಳುಗಳು ರಾತ್ರಿ ಹೊರಬಂದು ಮರಿಗಳ ರಕ್ತ ಹೀರುತ್ತವೆ. ಇದನ್ನು ತಿಂಡಿ ಡಬ್ಬಿ ತೆರೆಯುವ ಮೊದಲು ಹೇಳಬೇಡಿ.

2014ರಲ್ಲಿ ಸಂಶೋಧಕರು ಋತುವಿನ ಮೊದಲ ಗೂಡುಗಳಿಂದ ಮೊಟ್ಟೆ, ಮರಿಗಳನ್ನು ಎತ್ತಿ ಸಾಂತಾ ಕ್ರೂಸ್ ದ್ವೀಪದ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ಒಯ್ದರು. ಹೇಗೂ ಆ ಮರಿಗಳು ನೊಣದ ಪಾಲಾಗುತ್ತಿದ್ದವು, ಗೂಡು ಖಾಲಿಯಾದರೆ ತಾಯಿ ಮತ್ತೆ ಮೊಟ್ಟೆ ಇಡುತ್ತಾಳೆ. ಲೆಕ್ಕಾಚಾರ ಜಾಣತನದ್ದು. ಮರಿಗಳಿಗೆ ಕೈಯಾರೆ ಪರಂಗಿ ಹಣ್ಣು, ಪತಂಗ, ಮೊಟ್ಟೆ ಬುರ್ಜಿ ತಿನ್ನಿಸಿದರು. "ಬುರ್ಜಿನಾ? ಪಾವ್ ಕೊಡಲ್ವಾ ಆಂಟಿ?" ಅಂತ ಒಬ್ಬ ಕೇಳಿದ. ಆ ವರ್ಷ 15 ಮರಿಗಳನ್ನು ಅದೇ ಕಾಡಿಗೆ ವಾಪಸ್ ಬಿಟ್ಟರು.

'ಎಲ್ಲ ಗೂಡಿಗೂ ಔಷಧಿ ಹೊಡೆಯಬಹುದಲ್ಲ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೂಡು ಎತ್ತರದ ಕೊಂಬೆಗಳಲ್ಲಿ, ಹತ್ತುವುದು ಸುಲಭವಲ್ಲ. ಡಾರ್ವಿನ್ ಫಿಂಚ್‌ಗಳು ಅನ್ನುವ ಇದೇ ಹಕ್ಕಿಯ ಗುಂಪಿನ ಇತರ ಜಾತಿಗಳ ಮೇಲೆ ಮಾಡಿದ ಒಂದು ಪ್ರಯೋಗ ಮಕ್ಕಳಿಗೆ ತುಂಬ ಇಷ್ಟ. ಔಷಧಿ ಹಾಕಿದ ಹತ್ತಿಯನ್ನು ಕಾಡಿನಲ್ಲಿ ತೂಗುಹಾಕಿದರು. ಹಕ್ಕಿಗಳು ತಾವೇ ಬಂದು ಕಿತ್ತುಕೊಂಡು ಹೋಗಿ ಗೂಡಿಗೆ ನೇಯ್ದವು. ಆ ಗೂಡುಗಳಲ್ಲಿ ಹುಳು ತೀರ ಕಡಿಮೆಯಾಯಿತು.